ಹಸುವಿನ ಚೀಲ, ಕೋಳಿಯ ಹೊಟ್ಟೆ: ಏಳು ಆಕ್ಷೇಪಗಳಿಗೆ ಉತ್ತರ

ನಮ್ಮ ಹೈನುಗಾರರ ಮನೆಗಳಲ್ಲಿ ಎರಡು ಸಾಕಣೆಗಳು ಒಂದೇ ಸೂರಿನಡಿ ನಡೆಯುತ್ತವೆ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಹಿತ್ತಿಲಲ್ಲಿ ಹತ್ತು ಹದಿನೈದು ಕೋಳಿ. ಡೇರಿಯಿಂದ ತಂದ 50 ಕಿಲೋ ಫೀಡ್ಸ್ ಚೀಲದ ಬಾಯಿ ಬಿಚ್ಚಿರುತ್ತದೆ. ಹಸುವಿಗೆ ಅಳೆದು ಹಾಕುವ ಕೈ ಕೋಳಿಗೂ ಒಂದು ಬೊಗಸೆ ಎರಚುತ್ತದೆ. ಕೋಳಿ ಓಡಿ ಬಂದು ಹೆಕ್ಕುತ್ತದೆ. ಹೀಗೆ ಶುರುವಾದ ರೂಢಿ ಕೆಲವು ತಿಂಗಳಲ್ಲಿ ಕೋಳಿಯ ಪೂರ್ತಿ ಊಟವೇ ಆಗಿಬಿಡುತ್ತದೆ.

ಈ ರೂಢಿ ಬಿಡಬೇಕು ಎಂಬುದು ನನ್ನ ವಾದ. ದನಕ್ಕಾಗಿ ತಯಾರಾದ ಆಹಾರ ಕೋಳಿಯ ನಿತ್ಯದ ಊಟವಾಗಬಾರದು. ಮರಿಗೂ ಮೊಟ್ಟೆಯಿಡುವ ಕೋಳಿಗೂ ಅಂತೂ ಆಗಲೇಬಾರದು. ಇದನ್ನು ಹೇಳಿದಲ್ಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ಹೈನುಗಾರರು, ಹಿಂಡಿ ಅಂಗಡಿಯವರು, ಕೋಳಿ ಸಾಕಿ ಅನುಭವವಿರುವ ಹಿರಿಯರು ಅವನ್ನು ಎತ್ತುತ್ತಾರೆ. ಯಾವುದೂ ಹುರುಳಿಲ್ಲದ ಮಾತಲ್ಲ. ಕೆಲವುಗಳಲ್ಲಿ ಅರ್ಧ ಸತ್ಯವಿದೆ, ಒಂದೆರಡರಲ್ಲಿ ಮುಕ್ಕಾಲು ಸತ್ಯವೇ ಇದೆ. ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲು ನನ್ನ ಮಾತಿನ ಗಡಿ ಹೇಳಿಬಿಡುವೆ. ಪಶು ಆಹಾರ ಕೋಳಿಗೆ ವಿಷ ಎಂದು ನಾನು ಹೇಳುತ್ತಿಲ್ಲ. ಗೋದಲಿಯಿಂದ ಉದುರಿದ್ದನ್ನು ಕೋಳಿ ಹೆಕ್ಕಿದರೆ ಯಾರೂ ಗಾಬರಿಯಾಗಬೇಕಿಲ್ಲ. ಕೋಳಿ ಫೀಡ್ಸ್ ತೀರಿಹೋಗಿ ಒಂದೆರಡು ದಿನ ಇದನ್ನೇ ಹಾಕಬೇಕಾಗಿ ಬಂದರೆ ದೊಡ್ಡ ಕೋಳಿಗಳಿಗೆ ಕೇಡಾಗದು. ನನ್ನ ತಕರಾರು ಇರುವುದು ವಾರಗಟ್ಟಲೆ, ತಿಂಗಳುಗಟ್ಟಲೆ ಅದನ್ನೇ ನಂಬಿ ಸಾಕುವುದರ ಬಗ್ಗೆ.

ಆಕ್ಷೇಪ 1: "ನಮ್ಮಜ್ಜಿ ಯಾವ ಕೋಳಿ ಫೀಡ್ಸ್ ತಂದಿದ್ದಳು? ಅವಳ ಕೋಳಿಗಳು ಬದುಕಲಿಲ್ಲವೇ?"

ಬದುಕಿದವು, ಚೆನ್ನಾಗಿಯೇ ಬದುಕಿದವು. ಆದರೆ ಅವು ದನದ ಆಹಾರವನ್ನು ನಂಬಿ ಬದುಕಲಿಲ್ಲ. ಬೆಳಗಾಗುತ್ತಲೇ ಮಂಕರಿಯಿಂದ ಬಿಟ್ಟರೆ ತಿಪ್ಪೆ, ಕಣ, ಬೇಲಿಸಾಲು, ಬಚ್ಚಲ ಹಿಂದಿನ ತೇವದ ಮಣ್ಣು ಎಲ್ಲವನ್ನೂ ಕೆದಕಿ ಸಂಜೆಗೆ ಮರಳುತ್ತಿದ್ದವು. ತಿಪ್ಪೆಯ ಹುಳು, ಎರೆಹುಳು, ಮಿಡತೆ, ಗೆದ್ದಲು ಪ್ರೋಟೀನ್ ಕೊಟ್ಟವು. ಹಸಿರು ಚಿಗುರು ಜೀವಸತ್ವ ಕೊಟ್ಟಿತು. ಗೋಡೆಯ ಸುಣ್ಣ, ಬಸವನಹುಳುವಿನ ಚಿಪ್ಪು, ಮನೆಯವರು ಎಸೆದ ಮೊಟ್ಟೆಯೋಡು ಕ್ಯಾಲ್ಸಿಯಂ ಕೊಟ್ಟವು. ಗೆದ್ದಲು ಹತ್ತಿದ ಸೌದೆಯನ್ನು ತಂದು ಮರಿಗಳ ಮುಂದೆ ಕೊಡವುತ್ತಿದ್ದ ಅಜ್ಜಿಗೆ ಮರಿಯ ಊಟ ಬೇರೆ, ದನದ ಊಟ ಬೇರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅಂಗಳದಲ್ಲಿ ಚೆಲ್ಲಿದ ರಾಗಿಯೂ ಸಾಮಾನ್ಯ ಧಾನ್ಯವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಜೋಳ ಯಾವುದೂ ಅದರ ಹತ್ತಿರ ಸುಳಿಯುವುದಿಲ್ಲ.

ಅಜ್ಜಿಯ ಕೋಳಿ ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ನಾಟಿ ಹೇಟೆ ಇಡುವುದು 50ರಿಂದ 60. ಒಂದು ಸರತಿ ಮೊಟ್ಟೆಯಿಟ್ಟು ಕಾವಿಗೆ ಕೂತು, ಮರಿ ಬೆಳೆಸಿ, ಮತ್ತೆ ಇಡುವ ಹೊತ್ತಿಗೆ ಅದರ ಮೈ ಸುಧಾರಿಸಿಕೊಂಡಿರುತ್ತಿತ್ತು. ಇಂದು ನಮ್ಮ ಹಿತ್ತಿಲಲ್ಲಿರುವುದು ಹೆಚ್ಚಾಗಿ ಬೇರೆ ಕೋಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ ವರ್ಷಕ್ಕೆ 140ರ ಆಸುಪಾಸು ಮೊಟ್ಟೆ ಇಡುತ್ತದೆ. ಅದರ ನಂತರ ಬಂದ ಸ್ವರ್ಣಧಾರ 180 ದಾಟುತ್ತದೆ. ಮೈತೂಕವೂ ನಾಟಿಗಿಂತ ಹೆಚ್ಚು. ಎರಡು ಮೂರು ಪಟ್ಟು ಮೊಟ್ಟೆ ಕೇಳುತ್ತ, ನಾಯಿ ಮುಂಗುಸಿಗಳ ಭಯಕ್ಕೆ ಜಾಲರಿಯೊಳಗೆ ಕೂಡಿಹಾಕಿ, ಅಜ್ಜಿಯ ಕಾಲದ ಉದಾಹರಣೆ ಕೊಡುವುದು ನ್ಯಾಯವಲ್ಲ. ಕೂಡಿಹಾಕಿದ ಕೋಳಿ ನಾವು ಹಾಕಿದ್ದನ್ನಷ್ಟೇ ತಿನ್ನಬಲ್ಲದು. ನಾವು ಹಾಕಿದ್ದರಲ್ಲಿ ಇಲ್ಲದ್ದನ್ನು ಎಲ್ಲಿಂದಲೂ ಹುಡುಕಿ ತರಲಾರದು.

ಆಕ್ಷೇಪ 2: "ಪಶು ಆಹಾರದಲ್ಲಿ ಪ್ರೋಟೀನ್ ಶೇ 20. ಮೊಟ್ಟೆಕೋಳಿ ಆಹಾರದಲ್ಲಿ ಶೇ 16ರಿಂದ 18. ಹಾಗಿದ್ದರೆ ಪಶು ಆಹಾರವೇ ಮೇಲಲ್ಲವೇ?"

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವ ವಾದ ಇದು, ಏಕೆಂದರೆ ಅಂಕಿ ನಿಜ. ಚೀಲದ ಮೇಲೆ ಹಾಗೆಯೇ ಅಚ್ಚಾಗಿರುತ್ತದೆ. ಆ ಅಂಕಿ ಬರುವ ಬಗೆಯನ್ನು ತಿಳಿದರೆ ಗೊಂದಲ ಬಿಡುತ್ತದೆ.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಆಹಾರದಲ್ಲಿರುವ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸುತ್ತಾರೆ. ಬಂದ ಮೊತ್ತವೇ ಕಚ್ಚಾ ಪ್ರೋಟೀನ್. ಸಾರಜನಕ ಸೋಯಾದಿಂದ ಬಂದಿದ್ದರೂ ಸರಿ, ಯೂರಿಯಾದಿಂದ ಬಂದಿದ್ದರೂ ಸರಿ, ಲೆಕ್ಕದಲ್ಲಿ ಎರಡೂ ಒಂದೇ. ದನಗಳ ಮಿಶ್ರ ಆಹಾರದಲ್ಲಿ ಶೇ 1ರವರೆಗೆ ಯೂರಿಯಾ ಸೇರಿಸಲು ಭಾರತೀಯ ಮಾನಕ ಅವಕಾಶ ಕೊಡುತ್ತದೆ. ಯೂರಿಯಾದಲ್ಲಿ ಶೇ 46 ಸಾರಜನಕ. 46ನ್ನು 6.25ರಿಂದ ಗುಣಿಸಿ ನೋಡಿ: 287. ಅಂದರೆ 100 ಕಿಲೋ ಆಹಾರಕ್ಕೆ ಒಂದು ಕಿಲೋ ಯೂರಿಯಾ ಬೆರೆಸಿದರೆ ಚೀಲದ ಮೇಲಿನ ಪ್ರೋಟೀನ್ ಅಂಕಿ ಸುಮಾರು 3 ಏರುತ್ತದೆ. ಅಂಥ ಚೀಲದ 20ರಲ್ಲಿ 3 ಹೋದರೆ ಉಳಿಯುವುದು 17.

ಹಸುವಿನ ಮಟ್ಟಿಗೆ ಇದು ಮೋಸವಲ್ಲ. ಅದರ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ಯೂರಿಯಾವನ್ನು ಅಮೋನಿಯಾ ಮಾಡಿ, ಅದರಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆ ಸೂಕ್ಷ್ಮಜೀವಿಗಳೇ ಮುಂದೆ ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಕೋಳಿಗೆ ಆ ಹೊಟ್ಟೆಯೇ ಇಲ್ಲ. ಅದು ತಿಂದದ್ದು ಕೊರಳ ಚೀಲದಲ್ಲಿ ನೆನೆದು, ಕಲ್ಲು ತುಂಬಿದ ಗಟ್ಟಿ ಹೊಟ್ಟೆಯಲ್ಲಿ ಅರೆದು, ಕರುಳಿಗೆ ಇಳಿದು ಕೆಲವೇ ಗಂಟೆಗಳಲ್ಲಿ ಹೊರಬರುತ್ತದೆ. ಆ ಪ್ರಮಾಣದ ಯೂರಿಯಾ ಕೋಳಿಯನ್ನು ಕೊಲ್ಲುವುದಿಲ್ಲ, ನಿಜ. ಅದಕ್ಕೆ ಉಪಯೋಗಕ್ಕೂ ಬರುವುದಿಲ್ಲ; ಹೊರಹಾಕುವ ಕೆಲಸ ಮಾತ್ರ ಮೂತ್ರಪಿಂಡಕ್ಕೆ ಬೀಳುತ್ತದೆ.

ಉಳಿದ 17 ಕೂಡ ಮೊಟ್ಟೆಕೋಳಿ ಆಹಾರದ 17ಕ್ಕೆ ಸಮನಲ್ಲ. ಕೋಳಿಗೆ ಬೇಕಾದ ಅಮೈನೋ ಆಮ್ಲಗಳು ಇಂತಿಷ್ಟು ಎಂದು ಲೆಕ್ಕವಿದೆ. ಅದರಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್, ಆಮೇಲೆ ಲೈಸಿನ್. ಗರಿಗೂ ಮೊಟ್ಟೆಗೂ ಮೆಥಿಯೋನಿನ್ ಬೇಕೇಬೇಕು. ಹಸುವಿನ ಆಹಾರ ಮಾಡುವವರು ಈ ಲೆಕ್ಕವನ್ನು ಕೋಳಿಯ ಅಳತೆಗೆ ನೋಡಬೇಕಾಗಿಲ್ಲ, ಏಕೆಂದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅವನ್ನು ಬಹುಮಟ್ಟಿಗೆ ತಾವೇ ತಯಾರಿಸುತ್ತವೆ. ಕೋಳಿ ಆಹಾರದಲ್ಲಿ ಸೋಯಾ, ಮೀನುಪುಡಿ, ಬೇಕಾದರೆ ಬೇರೆಯಾಗಿ ಮೆಥಿಯೋನಿನ್ ಹಾಕಿ ಆ ಕೊರತೆಯನ್ನು ತುಂಬುತ್ತಾರೆ. ಕೂಡಿಹಾಕಿದ ಕೋಳಿಗಳು ಒಂದರ ಗರಿಯನ್ನು ಒಂದು ಕೀಳುತ್ತಿದ್ದರೆ, ಬೆನ್ನು ಬೋಳಾಗುತ್ತಿದ್ದರೆ, ಇಕ್ಕಟ್ಟಿನ ಜೊತೆಗೆ ಊಟದಲ್ಲಿ ಈ ಕೊರತೆ ಇದೆಯೇ ಎಂದೂ ನೋಡಬೇಕು.

ಆಕ್ಷೇಪ 3: "ಎರಡರಲ್ಲೂ ಇರುವುದು ಅದೇ ಮುಸುಕಿನ ಜೋಳ, ಅದೇ ತೌಡು, ಅದೇ ಹಿಂಡಿ. ಹೆಸರು ಮಾತ್ರ ಬೇರೆ."

ಸಾಮಗ್ರಿಗಳ ಪಟ್ಟಿ ಸುಮಾರು ಒಂದೇ, ಒಪ್ಪಿದೆ. ಪ್ರಮಾಣ ಒಂದೇ ಅಲ್ಲ, ಆಯ್ಕೆಯೂ ಒಂದೇ ಅಲ್ಲ.

ಮೊದಲು ನಾರು. ದನದ ಆಹಾರದಲ್ಲಿ ನಾರು ಶೇ 10–12ರವರೆಗೆ ಇರುತ್ತದೆ. ಎಣ್ಣೆ ತೆಗೆದ ತೌಡು, ಹೊಟ್ಟು, ಬೂಸಾ ಎಲ್ಲವೂ ಅದರಲ್ಲಿ ಧಾರಾಳ. ನಾರನ್ನು ಕರಗಿಸಿ ಶಕ್ತಿ ಪಡೆಯುವುದು ಹಸುವಿನ ಹುಟ್ಟುಗುಣ. ಕೋಳಿಯ ಕುರುಡುಕರುಳಿನಲ್ಲಿ ಅಲ್ಪಸ್ವಲ್ಪ ಹುದುಗುವಿಕೆ ನಡೆದರೂ ಅದರಿಂದ ಹೊಟ್ಟೆ ತುಂಬುವಷ್ಟು ಶಕ್ತಿ ಸಿಗದು. ಹೀಗಾಗಿ ಕೋಳಿಯ ಹೊಟ್ಟೆ ತುಂಬಿರುತ್ತದೆ, ಮೈಗೆ ಮಾತ್ರ ಹತ್ತುವುದಿಲ್ಲ. ಸಣ್ಣ ಮರಿಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅವುಗಳ ಹೊಟ್ಟೆ ಪುಟ್ಟದು, ಬೆಳವಣಿಗೆಯ ಅವಸರ ದೊಡ್ಡದು. ಒಂದೊಂದು ಗುಟುಕಿನಲ್ಲೂ ಸತ್ವ ಇರಬೇಕು. ದನದ ಫೀಡ್ಸಿನ ದಪ್ಪ ಗುಳಿಗೆಯನ್ನು ಅವು ನುಂಗಲೂ ಆರವು.

ಎರಡನೆಯದು ಹತ್ತಿಕಾಳು ಹಿಂಡಿ. ಹಾವೇರಿ, ಧಾರವಾಡ, ರಾಯಚೂರು, ಬಳ್ಳಾರಿ ಕಡೆಯ ಎಮ್ಮೆ ಸಾಕಣೆದಾರರಿಗೆ ಇದು ಅಚ್ಚುಮೆಚ್ಚು. ಹಾಲಿನ ಕೊಬ್ಬು ಏರುತ್ತದೆ ಎಂಬುದು ಅವರ ನಂಬಿಕೆ. ಹತ್ತಿಕಾಳಿನಲ್ಲಿ ಗಾಸಿಪೋಲ್ ಎಂಬ ಅಂಶವಿದೆ. ಬೆಳೆದ ದನದ ಹೊಟ್ಟೆ ಅದರ ಬಹುಪಾಲನ್ನು ಕಟ್ಟಿಹಾಕಿ ನಿರುಪದ್ರವಿ ಮಾಡುತ್ತದೆ. ಕೋಳಿಗೆ ಆ ಶಕ್ತಿ ಇಲ್ಲ. ಗಾಸಿಪೋಲ್ ಒಂದು ಕಡೆ ಲೈಸಿನ್‌ಗೆ ಅಂಟಿಕೊಂಡು ಅದನ್ನು ಕೋಳಿಗೆ ದಕ್ಕದಂತೆ ಮಾಡುತ್ತದೆ. ಇನ್ನೊಂದು ಕಡೆ ಮೊಟ್ಟೆಯ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ, ಕೆಲವು ದಿನ ಇಟ್ಟ ಮೊಟ್ಟೆಯ ಹಳದಿಯನ್ನು ಪಾಚಿ ಬಣ್ಣಕ್ಕೋ ಕಂದು ಬಣ್ಣಕ್ಕೋ ತಿರುಗಿಸುತ್ತದೆ. ಅದೇ ಹತ್ತಿಕಾಳಿನ ಎಣ್ಣೆಯಲ್ಲಿರುವ ಕೆಲವು ಕೊಬ್ಬಿನಾಮ್ಲಗಳು ಮೊಟ್ಟೆಯ ಬಿಳಿಯನ್ನು ನಸುಗೆಂಪು ಮಾಡುತ್ತವೆ. ಮೊಟ್ಟೆ ಒಡೆದಾಗ ಹೀಗೆ ಕಂಡರೆ ಗಿರಾಕಿ ಮತ್ತೆ ಆ ಮನೆಗೆ ಬರುವುದಿಲ್ಲ.

ಮೂರನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ಟರ್ಕಿ ಎಕ್ಸ್ ರೋಗ ಎಂದು ಕರೆದರು. ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟು ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ನಂಜು ಜಗತ್ತಿಗೆ ಗೊತ್ತಾದದ್ದು ಹೀಗೆ. ಬಾತುಮರಿ ಮತ್ತು ಟರ್ಕಿ ಮರಿಗಳಿಗೆ ಹೋಲಿಸಿದರೆ ಕೋಳಿ ತಡೆದುಕೊಳ್ಳುತ್ತದೆ. ಆದರೂ ಅದರ ಮರಿ ಬೆಳೆದ ಹಸುವಿನಷ್ಟು ಗಟ್ಟಿಯಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ನೆಲಕ್ಕೇ ಒರಗಿಸಿಟ್ಟ ಚೀಲದ ತಳದಲ್ಲಿ ಗಂಟುಕಟ್ಟಿದ ಹಿಂಡಿ ಉಳಿಯುತ್ತದೆ. ಹಸುವಿಗೆ ಬೇಡವೆಂದು ಅದನ್ನು ಕೋಳಿಗೆ ಸುರಿಯುವವರನ್ನು ಕೈಮುಗಿದು ಕೇಳುತ್ತೇನೆ: ಅದನ್ನು ಯಾರಿಗೂ ಹಾಕಬೇಡಿ. ಹಸುವಿಗೆ ಹಾಕಿದರೂ ಆ ನಂಜಿನ ಒಂದಂಶ ಹಾಲಿಗೆ ಇಳಿಯುತ್ತದೆ.

ಆಕ್ಷೇಪ 4: "ನಾವು ವರ್ಷಗಳಿಂದ ಹಾಕುತ್ತಿದ್ದೇವೆ. ಒಂದೂ ಸತ್ತಿಲ್ಲ."

ಸಾಯದಿರುವುದನ್ನೇ ಸುರಕ್ಷಿತ ಎನ್ನುವುದಾದರೆ ಈ ವಾದ ಗೆಲ್ಲುತ್ತದೆ. ನಾನು ಅಷ್ಟಕ್ಕೆ ತೃಪ್ತನಲ್ಲ. ಕೊರತೆಯ ಊಟ ಒಂದೇ ದಿನ ಕೊಲ್ಲುವುದಿಲ್ಲ. ನಿಧಾನವಾಗಿ ಕೆಲಸ ಮಾಡುತ್ತದೆ, ಹೀಗಾಗಿ ತಪ್ಪನ್ನು ಯಾರೂ ಊಟದ ಮೇಲೆ ಹೊರಿಸುವುದಿಲ್ಲ. ಮೊಟ್ಟೆ ಕಡಿಮೆಯಾದರೆ ಬಿಸಿಲು ಎನ್ನುತ್ತೇವೆ, ಮರಿ ಸತ್ತರೆ ದೃಷ್ಟಿ ಎನ್ನುತ್ತೇವೆ, ಕಾಲು ಸೋತರೆ ರೋಗ ಎನ್ನುತ್ತೇವೆ.

ವೈದ್ಯಶಾಸ್ತ್ರದ ಒಂದು ಹೆಸರಾಂತ ಘಟನೆ ಈ ಮಾತಿಗೆ ನೇರವಾಗಿ ಹೊಂದುತ್ತದೆ. ಈಗಿನ ಜಕಾರ್ತಾ ಆಗ ಬಟಾವಿಯ. ಅಲ್ಲಿನ ಮಿಲಿಟರಿ ಆಸ್ಪತ್ರೆಯಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. 1889ರ ಸುಮಾರಿಗೆ ಅವರ ಪ್ರಯೋಗಾಲಯದ ಕೋಳಿಗಳು ಕಾಲು ಸೋತು, ತೂರಾಡಿ, ನೆಲಕ್ಕೆ ಬೀಳತೊಡಗಿದವು. ರೋಗಾಣು ಇರಬೇಕೆಂದು ಹುಡುಕಿದರು, ಸಿಗಲಿಲ್ಲ. ಕೆಲವು ತಿಂಗಳ ನಂತರ ಕೋಳಿಗಳು ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕೋಳಿ ನೋಡಿಕೊಳ್ಳುವವನು ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದ. ಹೊಸ ಅಡುಗೆಯವನು ಬಂದು, ಸೈನಿಕರ ಅನ್ನವನ್ನು ಕೋಳಿಗೆ ಕೊಡಲಾರೆ ಎಂದ. ಮತ್ತೆ ಪಾಲಿಶ್ ಮಾಡದ ಅಕ್ಕಿ ಬಂತು, ಕೋಳಿಗಳು ಎದ್ದು ನಿಂತವು. ತೌಡಿನಲ್ಲಿರುವ ಒಂದು ಜೀವಸತ್ವದ ಕೊರತೆಯೇ ಕಾರಣ ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರಿಗೆಂದು ಬೆಂದ ಶುದ್ಧ ಅನ್ನವೇ ಕೋಳಿಯ ಕಾಲು ಕಿತ್ತುಕೊಂಡಿತ್ತು. ಅದರಲ್ಲಿ ನಂಜು ಯಾವುದೂ ಇರಲಿಲ್ಲ, ಬೇಕಾದದ್ದೊಂದು ಇರಲಿಲ್ಲ ಅಷ್ಟೆ.

ಪಶು ಆಹಾರದಲ್ಲೂ ಇಂಥದೇ ಒಂದು ಕೊರತೆ ಇದೆ. ಬಿ ಗುಂಪಿನ ಜೀವಸತ್ವಗಳನ್ನು ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ತಾವೇ ತಯಾರಿಸುವುದರಿಂದ ಬೆಳೆದ ದನದ ಆಹಾರಕ್ಕೆ ಅವನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಕೋಳಿಗೆ ಅವು ಊಟದಲ್ಲೇ ಬರಬೇಕು. ರೈಬೋಫ್ಲೇವಿನ್ ಅಂದರೆ ಬಿ2 ಸಾಲದ ಮರಿಗಳ ಕಾಲ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ. ಮರಿ ಹಿಮ್ಮಡಿಯ ಮೇಲೆ ಕೂತು ತೆವಳುತ್ತದೆ. ತಾಯಿಕೋಳಿಯ ಊಟದಲ್ಲೇ ಬಿ2 ಸಾಲದಿದ್ದರೆ ಮೊಟ್ಟೆಯೊಳಗೇ ಭ್ರೂಣ ಸಾಯುತ್ತದೆ. ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧ ಒಡೆಯದೆ ಉಳಿದಾಗ ಹುಂಜವನ್ನು ಬೈಯುವ ಮೊದಲು ಹೇಟೆಗೆ ಏನು ಹಾಕಿದ್ದೆವು ಎಂದು ನೆನೆಯಬೇಕು.

ಇನ್ನು ಕ್ಯಾಲ್ಸಿಯಂ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ದಕ್ಕುವುದರಿಂದ, ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 4 ಗ್ರಾಂ ಹತ್ತಿರ ಬೇಕು. ಅದು ದಿನಕ್ಕೆ ತಿನ್ನುವುದು 110 ಗ್ರಾಂ ಆಸುಪಾಸು. ಮೊಟ್ಟೆಕೋಳಿ ಆಹಾರದಲ್ಲಿ ಶೇ 3ರಿಂದ 4ರಷ್ಟು ಕ್ಯಾಲ್ಸಿಯಂ ಇರಿಸುವುದು ಈ ಲೆಕ್ಕಕ್ಕೇ. ಪಶು ಆಹಾರದಲ್ಲಿ ಅದು ಶೇ 1ರ ಸುತ್ತಮುತ್ತ. ಅಂದರೆ ಕೋಳಿಗೆ ಸಿಗುವುದು ಒಂದು ಗ್ರಾಂ. ಉಳಿದದ್ದನ್ನು ಅದು ತನ್ನ ಮೂಳೆಯಿಂದ ಕೀಳುತ್ತದೆ. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವ ಕ್ಯಾಲ್ಸಿಯಂ ಸುಮಾರು 20 ಗ್ರಾಂ. ಪ್ರತಿ ಮೊಟ್ಟೆಗೂ ಅದರ ಹತ್ತರಲ್ಲೊಂದು ಪಾಲಿನಷ್ಟು ಬೇಕು. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಬರೀ ಪೊರೆಯ ಮೊಟ್ಟೆ ಬೀಳುತ್ತದೆ, ಆಮೇಲೆ ಕೋಳಿ ಮೊಟ್ಟೆಯನ್ನೇ ನಿಲ್ಲಿಸುತ್ತದೆ. ಅಷ್ಟರಲ್ಲಿ ಅದರ ಮೂಳೆ ಸವೆದಿರುತ್ತದೆ. "ಒಂದೂ ಸತ್ತಿಲ್ಲ" ಎನ್ನುವವರು ದಯವಿಟ್ಟು ಕಳೆದ ತಿಂಗಳ ಮೊಟ್ಟೆ ಎಣಿಸಿ, ಚಿಪ್ಪನ್ನು ಬೆರಳಲ್ಲಿ ಒತ್ತಿ ನೋಡಿ.

ಆಕ್ಷೇಪ 5: "ಹಾಗಾದರೆ ಅದಕ್ಕೇ ಒಂದಿಷ್ಟು ಕಪ್ಪೆಚಿಪ್ಪಿನ ಪುಡಿ ಬೆರೆಸಿದರಾಯಿತು."

ಈ ಆಕ್ಷೇಪಕ್ಕೆ ನಾನು ಅರ್ಧ ದಾರಿ ಬರುತ್ತೇನೆ. ಕಪ್ಪೆಚಿಪ್ಪಿನ ಪುಡಿ ಒಳ್ಳೆಯದು, ಅಗ್ಗ, ಸುಲಭ. ಬೇರೆ ಬಟ್ಟಲಲ್ಲಿ ಇಟ್ಟರೆ ಮೊಟ್ಟೆಯಿಡುವ ಕೋಳಿ ತನಗೆ ಬೇಕಾದಷ್ಟನ್ನು ತಾನೇ ಹೆಕ್ಕುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ಸಂಜೆ ಇಡುವುದು ಇನ್ನೂ ಮೇಲು. ಇದರಿಂದ ಕ್ಯಾಲ್ಸಿಯಂ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ.

ತೀರುವುದು ಅದೊಂದೇ. ಚಿಪ್ಪಿನ ಪುಡಿಯಲ್ಲಿ ಮೆಥಿಯೋನಿನ್ ಇಲ್ಲ, ಬಿ2 ಇಲ್ಲ, ಶಕ್ತಿ ಇಲ್ಲ. ಯೂರಿಯಾ ಮತ್ತು ಗಾಸಿಪೋಲ್‌ಗೆ ಅದು ಮದ್ದಲ್ಲ. ಜೊತೆಗೆ ಅದನ್ನು ಎಲ್ಲ ಕೋಳಿಗಳ ಆಹಾರಕ್ಕೂ ಬೆರೆಸಿಬಿಟ್ಟರೆ ಹೊಸ ಅಪಾಯ ಎದುರಾಗುತ್ತದೆ. ಬೆಳೆಯುವ ಮರಿಗೆ ಬೇಕಾದ ಕ್ಯಾಲ್ಸಿಯಂ ಶೇ 1 ಮಾತ್ರ. ಶೇ 3–4ರ ಆಹಾರವನ್ನು ವಾರಗಟ್ಟಲೆ ತಿಂದ ಮರಿಯ ಮೂತ್ರಪಿಂಡ ಕೆಡುತ್ತದೆ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಹೃದಯ, ಪಿತ್ತಜನಕಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದೆ. ಅಂದರೆ ಮೊಟ್ಟೆಕೋಳಿಯ ಆಹಾರವೇ ಅದರ ಮರಿಗೆ ಆಗಿಬರುವುದಿಲ್ಲ. ಒಂದೇ ಜಾತಿಯೊಳಗೆ ವಯಸ್ಸು ಬದಲಾದರೆ ಇಷ್ಟು ವ್ಯತ್ಯಾಸವಾಗುವಾಗ, ನಾಲ್ಕು ಕೋಣೆಯ ಹೊಟ್ಟೆಗೆ ಮಾಡಿದ ಆಹಾರ ಕೋಳಿಗೆ ಸರಿಹೊಂದೀತೆಂದು ಹೇಗೆ ನಂಬುವುದು?

ಆಕ್ಷೇಪ 6: "ದನದ್ದು ಬೇಡ ಸರಿ. ಹಂದಿಯ ಆಹಾರ, ಬ್ರಾಯ್ಲರ್ ಆಹಾರ ಆಗಬಹುದಲ್ಲ?"

ಇದು ಜಾಣ ಪ್ರಶ್ನೆ. ಹಂದಿಯೂ ಕೋಳಿಯಂತೆ ಮೆಲುಕು ಹಾಕದ ಪ್ರಾಣಿ. ಅದರ ಆಹಾರದಲ್ಲಿ ಯೂರಿಯಾ ಇರುವುದಿಲ್ಲ, ಪ್ರೋಟೀನ್ ಉತ್ತಮ, ಬಿ ಜೀವಸತ್ವ ಸೇರಿಸಿರುತ್ತಾರೆ. ಔಷಧ ಬೆರೆಸದ ಹಂದಿ ಆಹಾರವನ್ನು ತುರ್ತಿನಲ್ಲಿ ಕೆಲವು ದಿನ ದೊಡ್ಡ ಕೋಳಿಗೆ ಹಾಕುವುದು ಪಶು ಆಹಾರ ಹಾಕುವುದಕ್ಕಿಂತ ಮೇಲು. ಮೊಟ್ಟೆಗೆ ಬೇಕಾದ ಕ್ಯಾಲ್ಸಿಯಂ ಮಾತ್ರ ಅದರಲ್ಲೂ ಇಲ್ಲ.

ಅಪಾಯವಿರುವುದು "ಔಷಧ ಬೆರೆಸದ" ಎಂಬ ಷರತ್ತಿನಲ್ಲಿ. ಮಾಂಸಕ್ಕೆ ಸಾಕುವ ಪ್ರಾಣಿಗಳ ಆಹಾರದಲ್ಲಿ ಔಷಧ ಬೆರೆಸಿದ ಬಗೆಗಳೂ ಇವೆ. ಮಾಂಸದ ಪ್ರಾಣಿಗೆ ಕೊಯ್ಯುವ ಮುಂಚೆ ಇಷ್ಟು ದಿನ ಔಷಧ ನಿಲ್ಲಿಸಬೇಕು ಎಂಬ ನಿಯಮ ಇರುತ್ತದೆ. ದಿನವೂ ಮೊಟ್ಟೆಯಿಡುವ ಕೋಳಿಗೆ ಆ ಬಿಡುವೇ ಇಲ್ಲ. ಇಂದು ತಿಂದ ಔಷಧ ನಾಳೆ ಮೊಟ್ಟೆಯಲ್ಲಿ ಬರಬಹುದು, ಆ ಮೊಟ್ಟೆ ಮಗುವಿನ ತಟ್ಟೆಗೆ ಹೋಗುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇಂಥದೇ ಆತಂಕದಿಂದ.

ಬ್ರಾಯ್ಲರ್ ಆಹಾರವೂ ಇದಕ್ಕೆ ಹೊರತಲ್ಲ. ರಕ್ತಭೇದಿ ರೋಗ ತಡೆಯಲು ಅದಕ್ಕೆ ಬೆರೆಸುವ ಔಷಧಗಳಲ್ಲಿ ನಿಕಾರ್ಬಾಜಿನ್ ಒಂದು. ಮೊಟ್ಟೆಯಿಡುವ ಕೋಳಿ ಅದನ್ನು ತಿಂದರೆ ಕಂದು ಮೊಟ್ಟೆಯ ಚಿಪ್ಪು ಬಿಳಿಚುತ್ತದೆ, ಹಳದಿಯಲ್ಲಿ ಕಲೆ ಬೀಳುತ್ತದೆ, ಕಾವಿಗಿಟ್ಟರೆ ಮರಿಯಾಗುವುದು ಕಡಿಮೆಯಾಗುತ್ತದೆ.

ತಿರುಗುಮುರುಗಾದರೂ ತಪ್ಪು ತಪ್ಪೇ. ಕೋಳಿ ಆಹಾರದಲ್ಲಿ ಬಳಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ಹಂದಿ, ಕೋಳಿಗಳು ತಾಳಿಕೊಳ್ಳುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಕೂಡುತ್ತ ಹೋಗಿ ಒಂದು ದಿನ ಜೀವ ತೆಗೆಯುತ್ತದೆ. ಕೋಳಿ ಆಹಾರದ ಚೀಲಕ್ಕೆ ಬಾಯಿ ಹಾಕಿದ ಮೇಕೆ ಹುಳಿಹೊಟ್ಟೆ ಹಿಡಿದು, ಉಬ್ಬರಿಸಿ ಸಾಯಬಹುದು. ಕೊಟ್ಟಿಗೆ ಮತ್ತು ಗೂಡು ಅಕ್ಕಪಕ್ಕ ಇರುವ ಮನೆಯಲ್ಲಿ ಚೀಲಗಳನ್ನು ಬೇರೆ ಬೇರೆ ಜಾಗದಲ್ಲಿ, ಬಾಯಿ ಕಟ್ಟಿ ಇಡಬೇಕು ಎನ್ನುವುದು ಇದಕ್ಕೆ.

ಆಕ್ಷೇಪ 7: "ಇದೆಲ್ಲ ಹೇಳಲು ಚೆಂದ. ಕೋಳಿ ಫೀಡ್ಸ್ ದುಬಾರಿ. ಬಡವರು ಏನು ಮಾಡಬೇಕು?"

ಎಲ್ಲ ಆಕ್ಷೇಪಗಳಲ್ಲಿ ನಾನು ಹೆಚ್ಚು ಗೌರವಿಸುವುದು ಇದನ್ನು. ಹಿತ್ತಿಲ ಕೋಳಿ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಸೊತ್ತು. ಮೊಟ್ಟೆಯ ದುಡ್ಡು ಮಗಳ ಪುಸ್ತಕಕ್ಕೆ, ಸಂಘದ ಕಂತಿಗೆ ಹೋಗುವ ದುಡ್ಡು. ಅದರಲ್ಲಿ ಒಂದು ರೂಪಾಯಿಯೂ ಪೋಲಾಗಬಾರದು. ಆ ಕಾರಣಕ್ಕೇ ಲೆಕ್ಕವನ್ನು ಕಿಲೋ ಬೆಲೆಯಲ್ಲಿ ಹಾಕದೆ ಮೊಟ್ಟೆಯ ಬೆಲೆಯಲ್ಲಿ ಹಾಕಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕೋಳಿ ನೂರು ದಿನದಲ್ಲಿ ಸುಮಾರು 11 ಕಿಲೋ ತಿನ್ನುತ್ತದೆ. ಸರಿಯಾದ ಆಹಾರದಲ್ಲಿ 50 ಮೊಟ್ಟೆ ಇಟ್ಟ ಕೋಳಿ ಕೊರತೆಯ ಆಹಾರದಲ್ಲಿ 25 ಇಟ್ಟರೆ, ಆ ಆಹಾರ ಅರ್ಧ ಬೆಲೆಗೆ ಸಿಕ್ಕರೂ ಮೊಟ್ಟೆಯೊಂದರ ಖರ್ಚು ಅಷ್ಟೇ ಆಯಿತು. ಕೈಗೆ ಬಂದ ಮೊಟ್ಟೆ ಮಾತ್ರ ಅರ್ಧ. ಒಡೆದ ತೆಳು ಚಿಪ್ಪಿನ ಮೊಟ್ಟೆ, ಒಡೆಯದೆ ಉಳಿದ ಕಾವಿನ ಮೊಟ್ಟೆ, ಸತ್ತ ಮರಿ ಇವು ಬೇರೆ ನಷ್ಟ.

ಅಂಗಡಿಯ ಚೀಲವೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮನೆಯಲ್ಲೇ ಬೆರೆಸಬಹುದು. ಮೊಟ್ಟೆಯಿಡುವ ಕೋಳಿಗೆ 100 ಕಿಲೋ ಲೆಕ್ಕದಲ್ಲಿ: ಒಡೆದ ಮುಸುಕಿನ ಜೋಳ 50, ಅಕ್ಕಿ ತೌಡು 18, ಸೋಯಾ ಹಿಂಡಿ 20, ಉಪ್ಪು ಹಾಕದ ಒಣಮೀನಿನ ಪುಡಿ 3, ಕಪ್ಪೆಚಿಪ್ಪಿನ ಪುಡಿ 7, ಕೋಳಿಗೆಂದೇ ತಯಾರಾದ ಖನಿಜ–ಜೀವಸತ್ವ ಮಿಶ್ರಣ ಮತ್ತು ಸ್ವಲ್ಪ ಉಪ್ಪು ಸೇರಿ 2. ಜೋಳದಲ್ಲಿ ಒಂದಿಷ್ಟು ಪಾಲಿಗೆ ಮನೆಯ ರಾಗಿ, ನುಚ್ಚು ಬಳಸಬಹುದು. ಇದರಲ್ಲಿ ಪ್ರೋಟೀನ್ ಶೇ 17ರ ಹತ್ತಿರ, ಕ್ಯಾಲ್ಸಿಯಂ ಶೇ 3ರ ಹತ್ತಿರ ಬರುತ್ತದೆ. ದನದ ಖನಿಜ ಮಿಶ್ರಣವನ್ನು ಇದಕ್ಕೆ ಬದಲಿಯಾಗಿ ಬಳಸಬೇಡಿ; ಅದರಲ್ಲಿ ಕೋಳಿಗೆ ಬೇಕಾದ ಜೀವಸತ್ವಗಳಿಲ್ಲ.

ಹಿತ್ತಿಲಲ್ಲಿ ಬಿಟ್ಟು ಮೇಯಿಸುವವರಿಗೆ ಖರ್ಚು ಇನ್ನೂ ಕಡಿಮೆ. ಹಗಲಿಡೀ ಕೆದಕುವ ಕೋಳಿಗೆ ಸಂಜೆ 30ರಿಂದ 50 ಗ್ರಾಂ ಹಾಕಿದರೆ ಸಾಕು. ಅಜೋಲ್ಲಾ, ನುಗ್ಗೆಸೊಪ್ಪು, ಅಡುಗೆಮನೆಯ ಸೊಪ್ಪಿನ ತುಂಡು ಜೊತೆಗಿರಲಿ. ಪೂರ್ತಿ ಹಣ ತೆಗೆದಿಡಬೇಕಾದ ಕಾಲ ಒಂದೇ, ಅದು ಮರಿಯ ಮೊದಲ ಆರು ವಾರ. ಆ ಆರು ವಾರ ಮರಿಗಳ ಸ್ಟಾರ್ಟರ್ ಆಹಾರವನ್ನೇ ಹಾಕಿ. ಮರಿಯೊಂದು ಆಗ ತಿನ್ನುವುದು ಬಹಳ ಸ್ವಲ್ಪ. ಮುಂದಿನ ಒಂದು ವರ್ಷದ ಮೊಟ್ಟೆಗೆ ಬೇಕಾದ ಮೂಳೆ, ಗರಿ, ಕರುಳು ಕಟ್ಟಿಕೊಳ್ಳುವುದು ಆ ಸ್ವಲ್ಪದರಲ್ಲೇ.

ಕೊನೆಗೆ ಒಪ್ಪಿಗೆಯಾಗಬೇಕಾದ್ದು

ಎದುರು ವಾದಿಸುವವರೂ ನಾನೂ ಒಪ್ಪುವ ಸಂಗತಿಗಳು ಇಷ್ಟು: ಪಶು ಆಹಾರ ಒಳ್ಳೆಯ ಆಹಾರ, ಹಸುವಿಗೆ. ಉದುರಿದ್ದನ್ನು ಹೆಕ್ಕಿದ ಕೋಳಿ ಸಾಯುವುದಿಲ್ಲ. ಬಿಟ್ಟು ಮೇಯಿಸಿದ ನಾಟಿ ಕೋಳಿ ಬಹಳಷ್ಟು ಕೊರತೆಗಳನ್ನು ತಾನೇ ತುಂಬಿಕೊಳ್ಳುತ್ತದೆ. ಒಪ್ಪದಿರುವುದು ಒಂದೇ, ಕೂಡಿಹಾಕಿದ ಕೋಳಿಗೂ ಮರಿಗೂ ಅದೇ ಊಟ ಸಾಕು ಎಂಬ ಮಾತನ್ನು. ಕೂಡಿಹಾಕಿದ ದಿನವೇ ಅದರ ಊಟದ ಪೂರ್ತಿ ಹೊಣೆ ನಮ್ಮದಾಯಿತು.

ಈಗಾಗಲೇ ಪಶು ಆಹಾರ ಹಾಕುತ್ತಿರುವವರು ದೊಡ್ಡ ಕೋಳಿಗಳಿಗೆ ಗಾಬರಿಯಾಗಿ ಒಂದೇ ದಿನ ನಿಲ್ಲಿಸಬೇಕಿಲ್ಲ. ಒಂದು ವಾರದಲ್ಲಿ ಹಂತಹಂತವಾಗಿ ಕೋಳಿ ಆಹಾರಕ್ಕೆ ಬದಲಿಸಿ. ಇಂದೇ ಮಾಡಬೇಕಾದ ಕೆಲಸ ಮೂರು: ಮರಿಗಳಿಗೆ ಪಶು ಆಹಾರ ನಿಲ್ಲಿಸಿ, ಮೊಟ್ಟೆಕೋಳಿಗಳ ಮುಂದೆ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ ಇಡಿ, ಯೂರಿಯಾ ಉಪಚರಿಸಿದ ಹುಲ್ಲು ಮತ್ತು ದನ ನೆಕ್ಕುವ ಯೂರಿಯಾ–ಕಾಕಂಬಿ ಇಟ್ಟಿಗೆಯ ಹತ್ತಿರ ಕೋಳಿ ಸುಳಿಯದಂತೆ ನೋಡಿಕೊಳ್ಳಿ. ಹೊಸ ಚೀಲ ಕೊಳ್ಳುವಾಗ ಯಾವ ಪ್ರಾಣಿಗೆ, ಯಾವ ವಯಸ್ಸಿಗೆ, ಔಷಧ ಬೆರೆಸಿದೆಯೇ, ತಯಾರಾದ ತಾರೀಖು ಯಾವುದು ಎಂಬ ನಾಲ್ಕನ್ನು ಓದಿ. ಓದಲು ಬಾರದಿದ್ದರೆ ಅಂಗಡಿಯವರಿಂದ ಓದಿಸಿ. ಅನುಮಾನವಿದ್ದರೆ ಊರಿನ ಪಶು ಆಸ್ಪತ್ರೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಇಷ್ಟಾದ ಮೇಲೂ ನನ್ನ ಮಾತು ಒಪ್ಪಿಗೆಯಾಗದವರಿಗೆ ಒಂದು ದಾರಿ ಇದೆ. ಒಂದೇ ವಯಸ್ಸಿನ ಕೋಳಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಶು ಆಹಾರ, ಇನ್ನೊಂದಕ್ಕೆ ಕೋಳಿ ಆಹಾರ ಹಾಕಿ, ಎರಡು ತಿಂಗಳು ಮೊಟ್ಟೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮರಿಗಳನ್ನು ಮಾತ್ರ ಈ ಪರೀಕ್ಷೆಗೆ ಒಡ್ಡಬೇಡಿ. ಆ ಕ್ಯಾಲೆಂಡರ್ ಹೇಳಿದ್ದನ್ನು ನೀವೂ ಒಪ್ಪಿ, ನಾನೂ ಒಪ್ಪುತ್ತೇನೆ.